ಮೂಗಿನ ಡಾಕ್ಟರ ಗ್ಯಾರೇಜು

ಡಾಕ್ಟರ್ ಹೆಬ್ಬಳ್ಳಿ ಯಾರನ್ನೇ ಕಂಡರೂ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಮೂಗನ್ನು. ಹೆಸರು ಮರೆಯುತ್ತಿದ್ದರು, ಊರು ಮರೆಯುತ್ತಿದ್ದರು, ಯಾರ ಮನೆಯ ಗೃಹಪ್ರವೇಶದಲ್ಲಿ ಸಿಕ್ಕಿದ್ದು ಎಂಬುದನ್ನಂತೂ ಖಂಡಿತ ಮರೆಯುತ್ತಿದ್ದರು. ಮೂಗು ಮಾತ್ರ ಮರೆಯುತ್ತಿರಲಿಲ್ಲ. ಹ್ಯೂಸ್ಟನ್ನಿನ ಪಕ್ಕದ ಮಿಸೌರಿ ಸಿಟಿಯಲ್ಲಿ ಒಂದು ಯುಗಾದಿ ಊಟದ ಸಾಲಿನಲ್ಲಿ ನಾನು ತಟ್ಟೆ ಹಿಡಿದು ನಿಂತಿದ್ದೆ. ಪರಿಚಯ ಗಿರಿಚಯ ಏನೂ ಇಲ್ಲದೆ ಪಕ್ಕದಿಂದ ಒಂದು ಧ್ವನಿ ಬಂತು: "ತಂಗಿ, ನಿಂದು ಎಡಗಡೀ ಮೂಗು ಬಂದ್ ಅದ. ರಾತ್ರಿ ಬಾಯಿ ತಗದು ಮಲಗ್ತಿ, ಹೌದಿಲ್ಲ?" ನಾನು ಸಿಟ್ಟಿನಿಂದ ತಿರುಗಿದೆ. ನನ್ನ ಗಂಡ ತಟ್ಟೆಯ ಕೋಸಂಬರಿ ಚೆಲ್ಲುವಷ್ಟು ನಕ್ಕ. ಯಾಕೆಂದರೆ ಅದು ನಿಜವಾಗಿತ್ತು.

ಧಾರವಾಡದವರು. ಹ್ಯೂಸ್ಟನ್ನಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಿವಿ, ಮೂಗು, ಗಂಟಲಿನ ಡಾಕ್ಟರಾಗಿದ್ದರು. ಸಣಕಲು ದೇಹ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಮುಖಕ್ಕಿಂತ ಒಂದು ಹೆಜ್ಜೆ ಮುಂದೆ ನಡೆಯುವ ಅವರದೇ ಮೂಗು. ಬಲಗೈ ನಡುಗಲು ಶುರುವಾದ ವಾರವೇ ಆಪರೇಷನ್ ನಿಲ್ಲಿಸಿದರಂತೆ. ಇನ್ನೊಂದು ತಿಂಗಳು ಕಾಯೋಣ, ಔಷಧಿ ತೆಗೆದುಕೊಂಡು ನೋಡೋಣ ಎಂದು ಜೊತೆಯ ಡಾಕ್ಟರುಗಳು ಹೇಳಿದರೂ ಕೇಳಲಿಲ್ಲವಂತೆ. ಅದಾದ ಮೇಲೆ ಅವರು ಮನೆಯ ಗ್ಯಾರೇಜಿನಲ್ಲಿದ್ದ ಕಾರನ್ನು ಶಾಶ್ವತವಾಗಿ ಬಿಸಿಲಿಗೆ ಹಾಕಿ, ಆ ಜಾಗದಲ್ಲಿ ಒಂದು ಉದ್ದನೆಯ ಮೇಜು ಹಾಕಿಕೊಂಡು, ಮೋಟರ್‌ಸೈಕಲ್ಲಿನ ಸಿಲಿಂಡರ್ ಹೆಡ್‌ಗಳನ್ನು ಕೆತ್ತಲು ಕೂತರು.

"ಮೊದಲ ಮಂದೀ ಮೂಗು ನೋಡ್ತಿದ್ರು, ಈಗ ಗಾಡೀ ಮೂಗು ನೋಡ್ತಾರ. ನನ್ನ ಮಾರಿ ನೋಡಿದ್ದು ಯಾವಾಗ ಅಂತ ನಂಗ ನೆನಪಿಲ್ಲ," ಎನ್ನುತ್ತಿದ್ದರು ಅವರ ಹೆಂಡತಿ ಸುಮಿತ್ರಾ ಆಂಟಿ. ಇದನ್ನು ಅವರು ಪ್ರತಿ ಸಲವೂ ಅಷ್ಟೇ ಹುರುಪಿನಿಂದ, ಗ್ಯಾರೇಜಿಗೆ ಚಹಾ ತಂದಿಡುತ್ತಲೇ ಹೇಳುತ್ತಿದ್ದರು.

ನಾನು ಆಗ ಅವರ ಮನೆಯಿಂದ ಎರಡು ಬೀದಿ ಆಚೆ ಇದ್ದೆ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೊಂದು ಹಳೆಯ, ಒಂದೇ ಸಿಲಿಂಡರಿನ, ಮುನ್ನೂರೈವತ್ತು ಸಿಸಿಯ ಬೈಕು ಕೊಳ್ಳುವ ಹುಚ್ಚು ಹತ್ತಿತ್ತು. "ಈ ವಯಸ್ಸಲ್ಲಿ ಬೇರೆಯವರು ಯೋಗ ಕ್ಲಾಸ್ ಸೇರ್ತಾರೆ," ಅಂದ ನನ್ನ ಗಂಡ. ಕಾಲೇಜಿನ ದಿನಗಳಲ್ಲಿ ಮೈಸೂರಿನಲ್ಲಿ ಅಪ್ಪನ ಬೈಕನ್ನು ಕದ್ದು ಓಡಿಸಿ ಬೈಸಿಕೊಂಡವಳು ನಾನು. ಯೋಗಕ್ಕೆ ಒಲಿಯುವ ಪಿಂಡವಲ್ಲ. ಬೈಕೇನೋ ಬಂತು. ಆದರೆ ಫ್ರೀವೇಗೆ ಏರುವ ದಾರಿಯಲ್ಲಿ ಅದಕ್ಕೆ ಏದುಸಿರು ಬರುತ್ತಿತ್ತು. ಹಿಂದಿನ ಟ್ರಕ್ಕುಗಳು ಹಾರ್ನ್ ಹೊಡೆದಾಗ ಜೀವ ಬಾಯಿಗೆ ಬರುತ್ತಿತ್ತು. ಆಗ ಯಾರೋ ಹೇಳಿದರು, ಹೆಬ್ಬಳ್ಳಿ ಡಾಕ್ಟರ ಹತ್ತಿರ ಒಯ್ಯಿರಿ ಅಂತ. ಬೈಕಿನ ವಿಷಯ ಕೇಳಿದರೆ ಮೂಗಿನ ಡಾಕ್ಟರ ಹೆಸರು ಹೇಳ್ತಾರಲ್ಲ, ಅವರಿಗೆ ಕಿವಿ ಕೇಳಿಸಲಿಲ್ಲವೇನೋ ಅಂದುಕೊಂಡೆ.

ಒಂದು ಶನಿವಾರ ಬೆಳಿಗ್ಗೆ ಹೋದೆ. ಗ್ಯಾರೇಜಿನ ಬಾಗಿಲು ತೆರೆದಿತ್ತು. ಡಾಕ್ಟರು ಹಣೆಗೆ ಹಳೆಯ ಕಾಲದ ಮೂಗಿನ ಡಾಕ್ಟರುಗಳ ಗುಂಡು ಕನ್ನಡಿ ಕಟ್ಟಿಕೊಂಡು, ಹಸಿರು ಬಟ್ಟೆಯ ಮೇಲೆ ಮಲಗಿಸಿದ್ದ ಅಲ್ಯೂಮಿನಿಯಮ್ಮಿನ ಗಟ್ಟಿಯೊಂದರ ತೂತಿನೊಳಗೆ ಇಣುಕುತ್ತಿದ್ದರು. ನಾನು "ಅಂಕಲ್" ಅಂದೆ. ಅವರು ತಲೆ ಎತ್ತಲಿಲ್ಲ.

"ಅಂಕಲ್ ಅನ್ನಬ್ಯಾಡ. ಊರ ತುಂಬ ಅಂಕಲ್ ಅವರ. ಡಾಕ್ಟರ ಅಂತನೂ ಅನ್ನಬ್ಯಾಡ, ಅದು ಮುಗೀತು. ಇಲ್ಲೆ ಬಂದ್ರ ಮಿಸ್ತ್ರಿ ಅನ್ನು."

ಅಷ್ಟು ದೊಡ್ಡ ಡಾಕ್ಟರನ್ನು ಮಿಸ್ತ್ರಿ ಅನ್ನಲು ನನಗೆ ನಾಲಿಗೆ ಬರಲಿಲ್ಲ. ಮಿಸ್ತ್ರಿ ಅಂಕಲ್ ಅಂದೆ. ಮೈಸೂರಿನವರಿಗೆ ಎಲ್ಲದಕ್ಕೂ ಒಂದು ಚೂರು ಬೆಲ್ಲ ಹಾಕದಿದ್ದರೆ ಸಮಾಧಾನ ಇಲ್ಲ ಎಂದು ಗೊಣಗಿದರು, ಆದರೆ ಒಪ್ಪಿಕೊಂಡರು. ಆ ಹೆಸರು ಅವರಿಗೆ ಇಷ್ಟವೇ ಆಗಿತ್ತೆಂದು ಆಮೇಲೆ ಆಂಟಿ ಹೇಳಿದರು.

ಸಿಲಿಂಡರ್ ಹೆಡ್ ಎಂದರೆ ಎಂಜಿನ್ನಿನ ತಲೆ. ಪೆಟ್ರೋಲು ಬೆರೆತ ಗಾಳಿ ಒಂದು ದಾರಿಯಿಂದ ಅದರೊಳಗೆ ಬರುತ್ತದೆ, ಉರಿದ ಹೊಗೆ ಇನ್ನೊಂದು ದಾರಿಯಿಂದ ಹೊರಗೆ ಹೋಗುತ್ತದೆ. ಕಾರ್ಖಾನೆಯಲ್ಲಿ ಅಚ್ಚು ಹೊಯ್ಯುವಾಗ ಈ ದಾರಿಗಳಲ್ಲಿ ಗಂಟು, ಏಣು, ಸಣ್ಣ ಸಣ್ಣ ಮೆಟ್ಟಿಲು ಉಳಿದುಬಿಡುತ್ತವೆ. ಗಾಳಿ ಅವಕ್ಕೆ ತಾಗಿ ಎಡವುತ್ತದೆ. ಅವನ್ನು ಕೈಗ್ರೈಂಡರಿನಲ್ಲಿ ತೆಗೆದು, ದಾರಿಯ ತಿರುವನ್ನು ನಯವಾಗಿ ತಿದ್ದಿದರೆ ಎಂಜಿನ್ನು ಸಲೀಸಾಗಿ ಉಸಿರಾಡುತ್ತದೆ, ಎಳೆತ ಹೆಚ್ಚುತ್ತದೆ. ಇಷ್ಟೇ ಕೆಲಸ. ಈ ಇಷ್ಟನ್ನು ಡಾಕ್ಟರು ಒಂದೊಂದು ಹೆಡ್‌ಗೆ ಮೂರು ನಾಲ್ಕು ಶನಿವಾರ ಮಾಡುತ್ತಿದ್ದರು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಒಂದು ಸಲಕ್ಕೆ ಒಂದು ಚಿಟಿಕೆ ಪುಡಿ ಉದುರುವಷ್ಟು ಮಾತ್ರ ಕೆರೆಯುತ್ತಿದ್ದರು. ಆಮೇಲೆ ಗ್ರೈಂಡರ್ ಕೆಳಗಿಟ್ಟು ಕಿರುಬೆರಳನ್ನು ಒಳಗೆ ಹಾಕಿ, ಕಣ್ಣು ಮುಚ್ಚಿ, ಗೋಡೆಯನ್ನು ಸವರುತ್ತ ಕೂರುತ್ತಿದ್ದರು.

ಮೇಜಿನ ತುದಿಯಲ್ಲಿ ಅವರೇ ಕಟ್ಟಿದ ಒಂದು ಯಂತ್ರವಿತ್ತು. ಹಳೆಯ ವ್ಯಾಕ್ಯೂಮ್ ಕ್ಲೀನರಿನ ಮೋಟರು ಹೆಡ್‌ನ ಮೂಲಕ ಗಾಳಿ ಎಳೆಯುತ್ತಿತ್ತು. ಪಕ್ಕದಲ್ಲಿ ಒಂದು ಬಾಗಿದ ಗಾಜಿನ ಕೊಳವೆ, ಅದರಲ್ಲಿ ಆಂಟಿ ಶಿರಾಕ್ಕೆ ಹಾಕುವ ಕೇಸರಿ ಬಣ್ಣ ಕದಡಿದ ನೀರು. ದಾರಿ ಇಕ್ಕಟ್ಟಾಗಿದ್ದರೆ ನೀರು ಮೇಲೇರುತ್ತಿತ್ತು, ಸಲೀಸಾದಂತೆಲ್ಲ ಇಳಿಯುತ್ತಿತ್ತು. ನೀರು ಒಂದು ಗೆರೆ ಇಳಿದರೆ ಡಾಕ್ಟರ ಮುಖ ಅರಳುತ್ತಿತ್ತು. ಹಬ್ಬದ ದಿನ ಬಣ್ಣದ ಬಾಟಲಿಯನ್ನು ಅಡುಗೆಮನೆಗೆ ವಾಪಸು ತರಿಸುವುದಕ್ಕೆ ಆಂಟಿ ಮೂರು ಸಲ ಕೂಗಬೇಕಾಗುತ್ತಿತ್ತು.

ಈ ಗ್ಯಾರೇಜಿಗೆ ಒಂದು ನಿಯಮವಿತ್ತು. ಡಾಕ್ಟರು ಒಬ್ಬರೇ ಇದ್ದಾಗ ಗ್ರೈಂಡರ್ ಮುಟ್ಟುತ್ತಿರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಇನ್ನೊಬ್ಬರು ಕೂತಿರಲೇಬೇಕು. ಅವರ ಕೆಲಸ ಬಣ್ಣದ ನೀರು ನೋಡುತ್ತ, ಕೆರೆದ ಜಾಗ ನೋಡುತ್ತ, ತಮಗೆ ಅನ್ನಿಸಿದಾಗ "ಸಾಕು" ಅನ್ನುವುದು. ಅಂದ ತಕ್ಷಣ ಡಾಕ್ಟರು ಗ್ರೈಂಡರ್ ಇಟ್ಟುಬಿಡುತ್ತಿದ್ದರು. ವಾದ ಇಲ್ಲ.

"ಪಂಕ್ತಿ ಊಟದಾಗ ನೋಡೀ ಇಲ್ಲ? ಬಡಸಾಂವ ಒಬ್ಬ, ಸಾಕು ಅನ್ನಾಂವ ಒಬ್ಬ. ಬಡಸಾಂವಗ ಸಾಕು ಅನ್ನೂದು ಎಂದೂ ತಿಳಿಯಂಗಿಲ್ಲ. ಅವನ ಕೈ ಬರೇ ಹಾಕೂದು ಕಲ್ತಿರ್ತದ. ಉಣ್ಣಾಂವ ಎಲಿ ಮ್ಯಾಲ ಕೈ ಅಡ್ಡ ಹಿಡದ್ರನ ಅಂವ ನಿಂದರ್ತಾನ. ಕೆತ್ತೂ ಕೈನೂ ಹಂಗ."

ಸ್ಟೂಲಿನ ಮೇಲೆ ಸಾಮಾನ್ಯವಾಗಿ ಆಂಟಿ ಕೂರುತ್ತಿದ್ದರು, ಮಡಿಲಲ್ಲಿ ಬೀನ್ಸ್ ಸೋಸುತ್ತ. ಆಂಟಿ ಊರಿಗೆ ಹೋದಾಗ ನಾನು. ಒಮ್ಮೆ ಇಬ್ಬರೂ ಇಲ್ಲದ ದಿನ, ಪಾರ್ಸೆಲ್ ಕೊಡಲು ಬಂದ ಮೆಕ್ಸಿಕನ್ ಮನುಷ್ಯನನ್ನೇ ಕೂರಿಸಿಕೊಂಡಿದ್ದರಂತೆ. ಅವನಿಗೆ ಇನ್ನೂ ಅರವತ್ತು ಮನೆ ಇತ್ತು. ಎರಡೇ ನಿಮಿಷಕ್ಕೆ ಸಾಕು ಅಂದು ಎದ್ದು ಓಡಿದ. ಆ ಹೆಡ್ಡೇ ಎಲ್ಲದಕ್ಕಿಂತ ಚೆನ್ನಾಗಿ ಬಂದಿತ್ತು ಎಂದು ಆಂಟಿ ಎಲ್ಲರ ಮುಂದೆ ಹೇಳುತ್ತಿದ್ದರು. ಡಾಕ್ಟರು ಅಲ್ಲ ಅನ್ನುತ್ತಿರಲಿಲ್ಲ.

ನನ್ನ ಬೈಕು ಅವರ ಕೈಯಿಂದ ಬಂದ ಮೇಲೆ ಬೇರೆಯದೇ ಪ್ರಾಣಿಯಾಯಿತು. ಫ್ರೀವೇ ಏರುವಾಗ ಮೊದಲ ಸಲ ಟ್ರಕ್ಕನ್ನು ಹಿಂದೆ ಹಾಕಿದ ದಿನ ಹೆಲ್ಮೆಟ್ಟಿನೊಳಗೇ ಕಿರುಚಿದ್ದೆ.

ಎಲ್ಲರ ಮೂಗನ್ನೂ ನೋಡುತ್ತಿದ್ದರು ಎಂದೆನಲ್ಲ, ಒಬ್ಬರದನ್ನು ಬಿಟ್ಟು. ಅವರ ಮನೆಯ ಸತ್ಯನಾರಾಯಣ ಪೂಜೆಗೆ ಆಸ್ಟಿನ್ನಿನಿಂದ ಅವರ ತಮ್ಮ ಪಾಂಡುರಂಗ ಬಂದಿದ್ದರು. ಅರವತ್ತು ದಾಟಿದ, ಗಟ್ಟಿಮುಟ್ಟಾದ, ಮಿತಭಾಷಿ ಮನುಷ್ಯ. ಅವರೂ ಒಂದು ಹಳೆಯ ಬೈಕು ಇಟ್ಟುಕೊಂಡಿದ್ದಾರೆಂದು ತಿಳಿದು ನಾನು ಮಾತಾಡಿಸಿದೆ. ಜೇಬಿನಿಂದ ಸಣ್ಣ ಬಾಟಲಿ ತೆಗೆದು ಮೂಗಿಗೆ ಏನೋ ಬಿಟ್ಟುಕೊಳ್ಳುತ್ತ, ಒಂದು ಸಾಲಿನಲ್ಲಿ ಉತ್ತರ ಕೊಟ್ಟರು. ಅಣ್ಣ ಬಂದು "ಪ್ರಸಾದ ತಗೊಂಡಿ?" ಎಂದು ಕೇಳಿದರು. ತಮ್ಮ "ಹೂಂ" ಎಂದರು. ಅಷ್ಟು ಹೊತ್ತೂ ಡಾಕ್ಟರ ಕಣ್ಣು ತಮ್ಮನ ಕಾಲುಚೀಲದ ಮೇಲಿತ್ತು. ಸಿಕ್ಕಸಿಕ್ಕವರ ಮುಖಕ್ಕೆ ಮುಖ ಕೊಟ್ಟು ಮೂಗು ನೋಡುವವರಿಗೆ ಇದೇನಾಯಿತು ಅಂತ ನನಗೆ ಆಶ್ಚರ್ಯವಾಯಿತು. ಆಸ್ತಿ ಗೀಸ್ತಿ ಜಗಳ ಇರಬೇಕು ಅಂದುಕೊಂಡು ಸುಮ್ಮನಾದೆ.

ಮರುವರ್ಷ ನನಗೆ ಪ್ಲೇನೋದಲ್ಲಿ ಕೆಲಸವಾಗಿ ನಾವು ಅದರ ಹತ್ತಿರದ ಮೆಕಿನ್ನಿಗೆ ಶಿಫ್ಟ್ ಆದೆವು. ಡಾಕ್ಟರಿಂದ ಕಲಿತದ್ದು ತಲೆಗೇರಿತ್ತು. ನಾನೂ ಗ್ರೈಂಡರ್ ಕೊಂಡೆ, ನನ್ನ ಬೈಕಿನ ಹೆಡ್ಡನ್ನು ನಾನೇ ಬಿಚ್ಚಿದೆ. ಡಾಕ್ಟರು ಇಷ್ಟು ತೆಗೆದದ್ದಕ್ಕೆ ಅಷ್ಟು ಲಾಭವಾದರೆ, ಇನ್ನಷ್ಟು ತೆಗೆದರೆ ಇನ್ನೆಷ್ಟು ಲಾಭ! ಲೆಕ್ಕ ಸರಿಯಾಗಿಯೇ ಇತ್ತು. ಗಾಳಿ ಒಳಬರುವ ದಾರಿಯನ್ನು ಅಗಲ ಮಾಡಿದೆ. ಆಮೇಲೆ ನಯ ಮಾಡಿದೆ. ಆಮೇಲೆ, ನವರಾತ್ರಿಗೆ ಮುಂಚೆ ನಮ್ಮಮ್ಮ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದಳಲ್ಲ, ಆ ಶ್ರದ್ಧೆಯಿಂದ ಎರಡು ವಾರಾಂತ್ಯ ಕೂತು ಉಜ್ಜಿದೆ. ಕೊನೆಗೆ ಒಳಗೆ ಟಾರ್ಚ್ ಬಿಟ್ಟರೆ ನನ್ನ ಕಣ್ಣು ನನಗೇ ಕಾಣುತ್ತಿತ್ತು. ಫೋಟೋ ತೆಗೆದು ಆಫೀಸಿನಲ್ಲಿ ತೋರಿಸಿದೆ.

ಬೈಕು ಮುಗ್ಗರಿಸತೊಡಗಿತು. ಜೋರಾಗಿ ಹೋಗುವಾಗ ಪರವಾಗಿಲ್ಲ. ಆದರೆ ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಕೆಮ್ಮಿ, ತೇಕಿ, ಸತ್ತುಹೋಗುತ್ತಿತ್ತು. ಒಂದು ತಿಂಗಳು ನನ್ನ ಅಹಂಕಾರ ತಡೆಯಿತು. ಆಮೇಲೆ ಹೆಡ್ ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ, ಕಾರಿನಲ್ಲಿಟ್ಟುಕೊಂಡು ಐದು ಗಂಟೆ ಡ್ರೈವ್ ಮಾಡಿ ಮಿಸೌರಿ ಸಿಟಿಗೆ ಹೋದೆ.

ಡಾಕ್ಟರು ಕನ್ನಡಿ ಕಟ್ಟಿಕೊಂಡು ಒಳಗೆ ನೋಡಿದರು. ಬೈಯುತ್ತಾರೆ, ಇಲ್ಲ ನಗುತ್ತಾರೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಕಿರುಬೆರಳು ಹಾಕಿ ಸವರಿದರು. ಬೆರಳು ಒಳಗೆ ಸಡಿಲವಾಗಿ ತಿರುಗಿತು.

"ಬಾಜೂಕ ಯಾರು ಕೂತಿದ್ರು?"

"ಯಾರೂ ಇರ್ಲಿಲ್ಲ ಮಿಸ್ತ್ರಿ ಅಂಕಲ್. ಒಬ್ಳೇ ಮಾಡ್ದೆ."

ಕನ್ನಡಿಯನ್ನು ಹಣೆಯಿಂದ ಬಿಚ್ಚಿಟ್ಟರು. ಗಾಳಿಗೆ ಗೋಡೆ ಬೇಕು ಎಂದು ವಿವರಿಸಿದರು. ದಾರಿ ಅಗಲವಾದರೆ ಗಾಳಿ ಸೋಮಾರಿಯಾಗುತ್ತದೆ. ಪೆಟ್ರೋಲಿನ ಹನಿಗಳನ್ನು ಹೊತ್ತು ತರುವ ರಭಸ ಅದಕ್ಕಿರುವುದಿಲ್ಲ. ಗೋಡೆ ಕನ್ನಡಿಯಾದರೆ ಹನಿ ಅಲ್ಲೇ ಅಂಟಿ ಕೆಳಗೆ ಹರಿಯುತ್ತದೆ. "ಹೊಳಪು ಗಾಳಿಗೆ ಬೇಕಾಗಿಲ್ಲ ತಂಗಿ, ಅದು ನಿನ್ನ ಕಣ್ಣಿಗೆ ಬೇಕಾಗಿತ್ತು." ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ. ಡಾಕ್ಟರು ಹೇಳಿದರು: "ಹೆದರಬ್ಯಾಡ. ನೀ ಲೋಹಕ್ಕ ಮಾಡಿದ್ದನ್ನ ನಾ ಮನುಷ್ಯಾಗ ಮಾಡೀನಿ."

ನಲವತ್ತು ವರ್ಷದ ಹಿಂದಿನ ಮಾತು. ಡಾಕ್ಟರು ಆಗಷ್ಟೇ ಕೆಲಸ ಶುರುಮಾಡಿದ ಹೊಸ ಸರ್ಜನ್. ತಮ್ಮ ಪಾಂಡುವಿಗೆ ಚಿಕ್ಕಂದಿನಿಂದ ಮೂಗು ಕಟ್ಟುತ್ತಿತ್ತು. ಬೇರೆ ಯಾರಾದರೂ ಹಿರಿಯ ಡಾಕ್ಟರ ಹತ್ತಿರ ಮಾಡಿಸೋಣ ಎಂದು ಇವರು ಹೇಳಿದರೂ ತಾಯಿ ಕೇಳಲಿಲ್ಲ: "ಮನ್ಯಾಗ ಡಾಕ್ಟರ ಇದ್ದಾಗ ಹೊರಗ್ಯಾಕ ಹೋಗ್ಬೇಕು?" ತಮ್ಮನೂ ಅಣ್ಣನೇ ಮಾಡಲಿ ಎಂದು ಹಟ ಹಿಡಿದ. ಮೂಗಿನ ಒಳಗೋಡೆಯಲ್ಲಿ ಮಾಂಸದ ಮಡಿಕೆಗಳಿರುತ್ತವೆ. ಒಳಬರುವ ಗಾಳಿಯನ್ನು ಬೆಚ್ಚಗೆ, ಒದ್ದೆಯಾಗಿ ಮಾಡುವುದು ಅವುಗಳ ಕೆಲಸ. ಅವು ಊದಿಕೊಂಡರೆ ಸ್ವಲ್ಪ ತೆಗೆಯುತ್ತಾರೆ.

"ತಮ್ಮ ಅಲ್ಲ? ಮತ್ತೊಮ್ಮೆ ತ್ರಾಸ ಆಗಬಾರದು ಅಂತ, ಇನ್ನೊಂದಿಷ್ಟು ತಗದೆ. ಮತ್ತೊಂದಿಷ್ಟು ತಗದೆ. ಪ್ರೀತೀಲೇ ತಗದೆ. ಅಂವ ಮೈಮರೆತು ಮಲಗಿದ್ದ, ಸಾಕು ಅನ್ನವ್ರು ಯಾರೂ ಇರಲಿಲ್ಲ."

ಮೂಗು ತೆರೆಯಿತು. ಆದರೆ ಒಳಗೆಲ್ಲ ಒಣಗಿ ಹಕ್ಕಳೆಗಟ್ಟತೊಡಗಿತು. ಅದಕ್ಕಿಂತ ಕೆಟ್ಟದ್ದೆಂದರೆ, ಗಾಳಿ ಒಳಗೆ ಹೋಗುತ್ತಿದ್ದರೂ ಪಾಂಡುವಿಗೆ ಅದು ಗೊತ್ತಾಗುತ್ತಿರಲಿಲ್ಲ. ತಾಗುವುದಕ್ಕೆ ಗೋಡೆಯೇ ಉಳಿದಿರಲಿಲ್ಲ. "ಅಣ್ಣಾ, ಉಸುರು ಬರ್ಲಿಕತ್ತದ ಅಂತ ನೀ ಅಂತಿ. ನಂಗ ಗೊತ್ತಾಗವಲ್ದು," ಎಂದು ಒಂದೇ ಸಲ ಹೇಳಿದ. ಅದಾದ ಮೇಲೆ ಆ ವಿಷಯ ಎತ್ತಲಿಲ್ಲ. ಅಣ್ಣನಿಗೆ ಮೂಗು ತೋರಿಸಲೂ ಇಲ್ಲ. ಮೂಗಿಗೆ ಬಿಟ್ಟುಕೊಳ್ಳುವ ಎಣ್ಣೆಯ ಬಾಟಲಿ ಇಟ್ಟುಕೊಂಡು ಊರು ಊರು ಕೆಲಸ ಮಾಡಿ, ಇವರ ಹಿಂದೆಯೇ ಟೆಕ್ಸಸ್‌ಗೂ ಬಂದ. ಹಬ್ಬಕ್ಕೆ ಬರುತ್ತಾನೆ, ಉಣ್ಣುತ್ತಾನೆ, ಹೋಗುತ್ತಾನೆ.

"ಒಮ್ಮೆ ಬೈದಿದ್ರ ಚಲೋ ಇತ್ತು. ಬೈಯಲಿಲ್ಲ ಅಂವ." ಮೇಜಿನ ಮೇಲಿದ್ದ ನನ್ನ ಹೆಡ್ಡನ್ನು ಹತ್ತಿರಕ್ಕೆ ಎಳೆದುಕೊಂಡರು. "ಇದಕ್ಕ ಪುಟ್ಟಿ ತುಂಬಿ ಮತ್ತ ತಿದ್ದಬಹುದು. ಮೂಗಿಗೆ ಏನ ತುಂಬ್ತಿ?"

ನನಗೆ ಅಳು ಬಂತು. ನನ್ನ ದಡ್ಡತನದ ಹೊಳಪನ್ನು ಹೊತ್ತುಕೊಂಡು ಬಂದು ಈ ಮುದುಕರ ನಲವತ್ತು ವರ್ಷದ ಗಾಯಕ್ಕೆ ಕೈ ಹಾಕಿದೆನಲ್ಲ ಅನ್ನಿಸಿತು. ಡಾಕ್ಟರು ಬಿಸಿ ತಡೆಯುವ, ಒಣಗಿದರೆ ಕಲ್ಲಿನಂತೆ ಗಟ್ಟಿಯಾಗುವ ಪುಟ್ಟಿ ತಂದು ಕಲಸಿದರು. ನಾವಿಬ್ಬರೂ ಸಂಜೆಯವರೆಗೆ ಕೂತು, ನಾನು ಅಗಲ ಮಾಡಿದ್ದ ದಾರಿಯನ್ನು ಮತ್ತೆ ಕಿರಿದು ಮಾಡಿದೆವು.

ಆ ಪುಟ್ಟಿ ಒಣಗುವ ಹೊತ್ತಿನಲ್ಲೇ ಇರಬೇಕು, ಡಾಕ್ಟರ ಮನಸ್ಸಿನಲ್ಲಿ ಒಂದು ಯೋಚನೆ ಬಂದದ್ದು. ಪಾಂಡುರಂಗ ತಮ್ಮ ಐನೂರು ಸಿಸಿಯ ಬೈಕಿಗೆ ಆಸ್ಟಿನ್ನಿನ ಪಶ್ಚಿಮದ ಗುಡ್ಡಗಳನ್ನು ಹತ್ತುವಾಗ ಉಸಿರು ಕಟ್ಟುತ್ತದೆ ಎಂದು ಹಬ್ಬದ ದಿನ ಯಾರ ಹತ್ತಿರವೋ ಹೇಳಿದ್ದರು. ಡಾಕ್ಟರು ನನ್ನ ಮುಂದೆಯೇ ಫೋನ್ ಮಾಡಿದರು.

"ಪಾಂಡು, ನಿನ್ನ ಗಾಡೀ ಹೆಡ್ ಬಿಚ್ಚಿ ಕಳಸು. ನಾ ನೋಡ್ತೀನಿ."

ಆ ಕಡೆಯಿಂದ ತಮ್ಮ "ನೋಡೂಣು" ಎಂದು ಫೋನ್ ಇಟ್ಟರು. ಮೂರು ತಿಂಗಳು ಸುದ್ದಿಯಿಲ್ಲ. ಡಾಕ್ಟರು ಪ್ರತಿದಿನ ಪಾರ್ಸೆಲ್ಲಿನವನ ದಾರಿ ಕಾಯುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದರೆಂದು ಆಂಟಿ ನನಗೆ ಫೋನಿನಲ್ಲಿ ಹೇಳುತ್ತಿದ್ದರು. ಕೊನೆಗೊಂದು ದಿನ ಡಬ್ಬಿ ಬಂತು. ಹಳೆಯ ಪಂಚೆಯಲ್ಲಿ ಸುತ್ತಿದ ಹೆಡ್, ಮೇಲೊಂದು ಚೀಟಿ. ಚೀಟಿಯಲ್ಲಿ ಇದ್ದದ್ದು ಎರಡೇ ಶಬ್ದ: "ನೋಡಿ ತಗಿ."

ಆ ಚೀಟಿಯನ್ನು ಡಾಕ್ಟರು ಗಾಜಿನ ಕೊಳವೆಯ ಪಕ್ಕದಲ್ಲಿ ಅಂಟಿಸಿಕೊಂಡರು. ಆದರೆ ಕೆಲಸ ಶುರುಮಾಡಲು ಆಗಲಿಲ್ಲ. ಆ ಬೇಸಿಗೆಯಲ್ಲಿ ಅವರ ಕೈ ತುಂಬ ಹದಗೆಟ್ಟಿತ್ತು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದರೂ ಸಾಸರಿಗೆ ಚೆಲ್ಲುತ್ತಿತ್ತು. ತಿರುವಿನ ಹತ್ತಿರ ಆ ಹೆಡ್ಡಿನ ಗೋಡೆ ತೆಳ್ಳಗಿತ್ತು. ಕೈ ಒಂದು ಸಲ ಜಾರಿ ತೂತಾದರೆ ಹೆಡ್ ಗುಜರಿಗೆ. ಅಷ್ಟು ಹಳೆಯ ಎಂಜಿನ್ನಿಗೆ ಇನ್ನೊಂದು ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ತಮ್ಮ ಇನ್ನೊಂದು ಸಲ ಏನನ್ನೂ ಈ ಅಣ್ಣನ ಕೈಗೆ ಕೊಡುವುದಿಲ್ಲ. ಇದು ನಮಗೆ ಮೂವರಿಗೂ ಗೊತ್ತಿತ್ತು.

"ತಂಗಿ, ನೀ ಬಂದು ಕೆತ್ತಬೇಕು," ಅಂದರು ಫೋನಿನಲ್ಲಿ.

"ನಾನಾ? ನಾನ್ ಮಾಡಿದ್ದು ನೋಡಿದ್ರಲ್ಲ ಅಂಕಲ್!"

"ನೋಡೀನಿ. ಅದಕ್ಕ ಕರೀಲಿಕತ್ತೀನಿ. ಒಮ್ಮೆ ಕೆಡಿಸಿದ ಕೈಗೆ ಹೆದರಿಕಿ ಇರ್ತದ. ಸಾಕು ಅನ್ಲಿಕ್ಕೆ ನಾ ಇರ್ತೀನಿ."

ನಾಲ್ಕು ಶನಿವಾರ ಹೋದೆ. ನಾನು ಗ್ರೈಂಡರ್ ಹಿಡಿಯುತ್ತಿದ್ದೆ, ಡಾಕ್ಟರು ಸ್ಟೂಲಿನ ಮೇಲೆ. ಅಷ್ಟು ವರ್ಷ ಬೇರೆಯವರನ್ನು ಕೂರಿಸಿದ್ದ ಸ್ಟೂಲಿನ ಮೇಲೆ ಅವರೇ ಕೂತದ್ದು ಅದೇ ಮೊದಲು. ಏಣುಗಳನ್ನು ತೆಗೆದೆ, ಮೆಟ್ಟಿಲುಗಳನ್ನು ತೆಗೆದೆ. ತಿರುವಿಗೆ ಬಂದಾಗ ನನ್ನ ಬೆನ್ನು ಒದ್ದೆಯಾಗಿತ್ತು. ಒಂದು ಚಿಟಿಕೆ ಕೆರೆಯುವುದು, ನಿಲ್ಲಿಸುವುದು, ಅವರು ನಡುಗುವ ಕಿರುಬೆರಳನ್ನು ಒಳಗೆ ಹಾಕಿ ಸವರುವುದು. ಆ ಬೆರಳು ಲೋಹಕ್ಕೆ ತಾಗಿದ ಕ್ಷಣ ನಡುಕ ನಿಲ್ಲುತ್ತಿತ್ತು. ನಾನದನ್ನು ಕಣ್ಣಾರೆ ಕಂಡಿದ್ದೇನೆ. ಕೇಸರಿ ನೀರು ಒಂದೊಂದೇ ಗೆರೆ ಇಳಿಯುತ್ತ ಬಂತು.

ನಾಲ್ಕನೆಯ ಶನಿವಾರ ಮಧ್ಯಾಹ್ನಕ್ಕೆ ಮುಂಚೆಯೇ "ಸಾಕು" ಅಂದರು.

"ಇನ್ನೂ ಇಳೀತಿದೆ ಅಂಕಲ್, ನೋಡಿ. ಗೋಡೆನೂ ದಪ್ಪ ಇದೆ ಇಲ್ಲಿ. ಇನ್ನೊಂಚೂರು ಆರಾಮಾಗಿ ತೆಗೀಬೋದು."

"ತಗೀಬಹುದು."

"ಮತ್ತೆ?"

"ಸಾಕು ಅಂದೆ." ವಾದ ಇಲ್ಲ ಎಂಬ ನಿಯಮ ಅವರದೇ. ಗ್ರೈಂಡರ್ ಕೆಳಗಿಟ್ಟೆ. ಸುಮಿತ್ರಾ ಆಂಟಿ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದರು. ಅವತ್ತು ಅವರೂ ಮಾರಿ ನೋಡಿದ ಮಾತು ಆಡಲಿಲ್ಲ.

ಹೆಡ್ಡನ್ನು ಆಸ್ಟಿನ್ನಿಗೆ ಪಾರ್ಸೆಲ್ ಮಾಡುವುದು ಬೇಡ, ನಾನೇ ಒಯ್ಯುತ್ತೇನೆ ಎಂದು ಡಾಕ್ಟರು ಹಟ ಮಾಡಿದರು. ಮುಂದಿನ ವಾರ ನಾನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೆಡ್ ಅವರ ತೊಡೆಯ ಮೇಲಿತ್ತು, ಅದೇ ಪಂಚೆಯಲ್ಲಿ. ಡಾಕ್ಟರನ್ನು ನಾನು ಕಂಡ ಕೊನೆಯ ದಿನ ಅದು. ಆ ವರ್ಷದ ಚಳಿಗಾಲ ಮುಗಿಯುವ ಮೊದಲು, ಒಂದು ಮಧ್ಯಾಹ್ನ ಊಟವಾಗಿ ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋಗಿಬಿಟ್ಟರು. ಈಗಲೂ ಯಾರದಾದರೂ ಮೂಗಿನಲ್ಲಿ ಸುಯ್ಯೆಂದು ಶಬ್ದ ಬಂದರೆ ನಾನು ತಿರುಗಿ ನೋಡುತ್ತೇನೆ, ಎಡಗಡೆಯೋ ಬಲಗಡೆಯೋ ಎಂದು. ಬೇರೆಯವರಿಗೆ ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಆಸ್ಟಿನ್ನಿನಲ್ಲಿ ಪಾಂಡುರಂಗ ಎಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದರು. ಹೆಚ್ಚು ಮಾತಿಲ್ಲದೆ ನಾನೂ ಅವರೂ ಸೇರಿ ಹೆಡ್ ಕೂರಿಸಿದೆವು. ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು ಒಂದೊಂದು ಬೋಲ್ಟನ್ನೂ ನೋಡಿದರು. ಬೈಕು ಸ್ಟಾರ್ಟ್ ಆಯಿತು. ಪಾಂಡುರಂಗ ಹೆಲ್ಮೆಟ್ ಹಾಕಿಕೊಂಡು ಗುಡ್ಡದ ಕಡೆ ಹೋದರು. ಅರ್ಧ ಗಂಟೆ ಬರಲಿಲ್ಲ. ಡಾಕ್ಟರು ಗ್ಯಾರೇಜಿನ ಬಾಗಿಲಲ್ಲಿ ನಿಂತೇ ಇದ್ದರು. ಕುರ್ಚಿ ತಂದುಕೊಟ್ಟರೂ ಕೂರಲಿಲ್ಲ. ಆಪರೇಷನ್ ಥಿಯೇಟರಿನ ಹೊರಗೆ ನಿಂತವರ ಹಾಗೆ ಕಂಡರು.

ಬೈಕು ಬಂತು. ಪಾಂಡುರಂಗ ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದರು. ಮುಖ ಕೆಂಪಾಗಿತ್ತು.

"ಹ್ಯಾಂಗದ?" ಅಂದರು ಡಾಕ್ಟರು, ತಮ್ಮನ ಬೂಟನ್ನು ನೋಡುತ್ತ.

"ಗುಡ್ಡ ಟಾಪ್ ಗೇರಿನ್ಯಾಗ ಹತ್ತಿತು. ಸಾವಕಾಶ ಹೋದ್ರೂ ಚಲೋ ಎಳೀತದ." ಮತ್ತೆ ಹೇಳಿದರು: "ಇನ್ನೊಂದಿಷ್ಟು ತಗೀಬಹುದಿತ್ತು ಅನಸ್ತದ, ಅಣ್ಣಾ."

"ತಗೀಬಹುದಿತ್ತು. ತಗೀಲಿಲ್ಲ."

ಪಾಂಡುರಂಗ ಅಣ್ಣನನ್ನೇ ನೋಡುತ್ತ ನಿಂತರು. ಹೆಲ್ಮೆಟ್ಟನ್ನು ಬೈಕಿನ ಮೇಲಿಟ್ಟರು. ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ಬೆಳಕಿಗೆ ಎಳೆದು, ಅದರ ಮೇಲೆ ಕೂತು, ಮುಖ ಮೇಲೆತ್ತಿದರು.

"ನೋಡು," ಅಂದರು.

ಡಾಕ್ಟರಿಗೆ ಒಂದು ಗಳಿಗೆ ತಿಳಿಯಲೇ ಇಲ್ಲ. ತಿಳಿದಾಗ ಅವರ ಎರಡೂ ಕೈ ನಡುಗತೊಡಗಿದವು. ಹಣೆಯ ಕನ್ನಡಿಯನ್ನು ಕಣ್ಣಿಗೆ ಇಳಿಸಿಕೊಳ್ಳಲೂ ಆಗಲಿಲ್ಲ. ಪಾಂಡುರಂಗ ಕೂತಲ್ಲಿಂದಲೇ ಕೈ ಚಾಚಿ ಕನ್ನಡಿ ಸರಿಮಾಡಿದರು, ಅಣ್ಣನ ಮಣಿಕಟ್ಟನ್ನು ಹಿಡಿದು ತಮ್ಮ ಗಲ್ಲದ ಮೇಲೆ ಇಟ್ಟುಕೊಂಡರು. ಡಾಕ್ಟರು ಬಗ್ಗಿ ನೋಡಿದರು.

"ಎಣ್ಣಿ ದಿನಾ ಬಿಡ್ತೀಯೇನು?"

"ಬಿಡ್ತೀನಿ."

"ಎರಡೂ ಹೊತ್ತು?"

"ಹೂಂ."

ನಾನು ಹೊರಗೆ ಹೋಗುವುದು ಒಳ್ಳೆಯದು ಎಂದು ಹೆಜ್ಜೆ ಎತ್ತಿದೆ. ಡಾಕ್ಟರು ತಿರುಗದೆಯೇ ಕರೆದರು.

"ಎಲ್ಲೆ ಹೊಂಟಿ, ತಂಗಿ? ಇಲ್ಲೆ ಬಾಜೂಕ ನಿಂದರು. ನಾ ಭಾಳ ಹೊತ್ತು ನೋಡ್ಲಿಕತ್ರ ಸಾಕು ಅನ್ನು."

ನಾನು ಪಕ್ಕದಲ್ಲಿ ಹೋಗಿ ನಿಂತೆ. ಅವರು ನೋಡುತ್ತಲೇ ಇದ್ದರು. ನಾನು ಸಾಕು ಅನ್ನಲಿಲ್ಲ.